ಜೀವಾಣು ಪಾಕೀಟಿಗೆ ಕಾವು ತಾಗಿಸಬೇಡಿ

ಶೇಂಗಾ, ತೊಗರಿ ಬೀಜಕ್ಕೆ ರೈಜೋಬಿಯಂ ಹಚ್ಚಿ 'ಏನೂ ಉಪಯೋಗ ಆಗ್ಲಿಲ್ಲ' ಅನ್ನುವವರು ನಮ್ಮ ಕಡೆ ಬಹಳ. ಅವರನ್ನು ನಾನು ಮೊದಲು ಕೇಳೋದು, ಪಾಕೀಟು ಎಲ್ಲಿಟ್ಟಿದ್ರಿ ಅಂತ. ಒಂದೋ ಬಸ್ಸಿನ ಟಾಪಿನ ಮೇಲೆ ಬಂದಿರುತ್ತೆ, ಇಲ್ಲಾ ತಗಡಿನ ಶೆಡ್ಡಿನಲ್ಲಿ ಯೂರಿಯಾ ಚೀಲದ ಮೇಲೆ ವಾರಗಟ್ಟಲೆ ಕೂತಿರುತ್ತೆ.

ಆ ಕರಿ ಪುಡಿಯಲ್ಲಿ ಸತ್ವ ಇಲ್ಲ, ಅದರೊಳಗಿನ ಜೀವಾಣುವಿನಲ್ಲಿದೆ. ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಜೀವಾಣು ಇರಬೇಕು. ಅವು ಸತ್ತರೂ ಪುಡಿಯ ಬಣ್ಣ ಬದಲಾಗೋದಿಲ್ಲ. ಹಾಗಾಗಿ ನಮಗೆ ಗೊತ್ತಾಗೋದೂ ಇಲ್ಲ.

ಕಾವು ಏನು ಮಾಡುತ್ತೆ ಅಂತ ನೋಡಲು ಬೇಕರಿಯವರು ಬ್ರೆಡ್ಡಿಗೆ ಹಾಕುವ ಯೀಸ್ಟ್ ಸ್ವಲ್ಪ ತನ್ನಿ. ಎರಡು ಲೋಟದಲ್ಲಿ ಸಕ್ಕರೆ ನೀರು ತಗೊಳ್ಳಿ. ಒಂದು ಉಗುರು ಬೆಚ್ಚಗಿರಲಿ, ಇನ್ನೊಂದು ಈಗಷ್ಟೇ ಕುದಿಸಿ ಇಳಿಸಿದ್ದಿರಲಿ. ಎರಡಕ್ಕೂ ಅರ್ಧರ್ಧ ಚಮಚ ಯೀಸ್ಟ್ ಹಾಕಿ. ಕಾಲು ಗಂಟೆಯೊಳಗೆ ಮೊದಲನೆಯದು ನೊರೆ ಬರುತ್ತೆ. ಎರಡನೆಯದು ಆರಿದ ಮೇಲೂ ನೊರೆ ಬರೋದಿಲ್ಲ. ಯೀಸ್ಟಿಗೆ 30-35 ಡಿಗ್ರಿ ಹಿತ. 60 ಡಿಗ್ರಿ ದಾಟಿದರೆ ಕೆಲವೇ ನಿಮಿಷದಲ್ಲಿ ಸಾಯುತ್ತೆ. ಬೆಂದ ಮೊಟ್ಟೆ ತಣ್ಣಗಾದರೆ ಮತ್ತೆ ಹಸಿಯಾಗುತ್ತದೆಯೇ? ಜೀವಕೋಶದ ಒಳಗಿನ ಪ್ರೋಟೀನೂ ಹಾಗೇ.

ರೈಜೋಬಿಯಂ ಯೀಸ್ಟ್ ಅಲ್ಲ, ಬ್ಯಾಕ್ಟೀರಿಯ. ಆದರೆ ಇನ್ನೂ ನಾಜೂಕು. ಹೆಚ್ಚಿನವಕ್ಕೆ 25-30 ಡಿಗ್ರಿ ಸಾಕು, 40 ದಾಟಿದರೆ ಸಂಕಟ. ಕಾವಿನಷ್ಟೇ ಹೊತ್ತೂ ಮುಖ್ಯ. ಕುದಿನೀರು ನಿಮಿಷದಲ್ಲಿ ಮಾಡೋದನ್ನು ಶೆಡ್ಡಿನ ಸೆಕೆ ದಿನಗಟ್ಟಲೆ ನಿಧಾನಕ್ಕೆ ಮಾಡುತ್ತೆ.

ಆದ್ದರಿಂದ ಪಾಕೀಟು ತಂದವರು ಒಳಮನೆಯಲ್ಲಿ, ನೀರಿನ ಗಡಿಗೆ ಇಡುವಂಥ ತಂಪಿನ ಜಾಗದಲ್ಲಿ ಇಡಿ. ಬೆಲ್ಲದ ನೀರು ಕುದಿಸುವುದಾದರೆ ಪೂರ್ತಿ ಆರಿದ ಮೇಲೇ ಪುಡಿ ಬೆರೆಸಿ. 200 ಗ್ರಾಂ ಪಾಕೀಟು ಸುಮಾರು 10 ಕಿಲೋ ಬೀಜಕ್ಕೆ ಆಗುತ್ತೆ. ಶೇಂಗಾ ಬೀಜ ಜೋರಾಗಿ ಉಜ್ಜಬೇಡಿ, ಸಿಪ್ಪೆ ಏಳುತ್ತೆ. ನೆರಳಲ್ಲೇ ಆರಿಸಿ, ಅವತ್ತೇ ಬಿತ್ತಿ. ನಮ್ಮಂಥ ಮಳೆಯಾಶ್ರಿತರು ಹದ ಇಲ್ಲದ ಒಣ ಮಣ್ಣಿಗೆ ಬಿತ್ತಿದರೆ ಇಷ್ಟೂ ಜೋಪಾನ ವ್ಯರ್ಥ. ಮಧ್ಯಾಹ್ನದ ಮೇಲ್ಮಣ್ಣು ಬರಿಗಾಲಿಗೇ ತಡೆಯೋದಿಲ್ಲ, ಇನ್ನು ಜೀವಾಣುವಿಗೆ?

ವರ್ಷವೂ ಶೇಂಗಾ ಬೆಳೆದ ಹೊಲದಲ್ಲಿ ಅದರ ಜೀವಾಣು ಮೊದಲೇ ಇರಬಹುದು, ಅಲ್ಲಿ ಫರಕು ಕಮ್ಮಿ. ಅದಕ್ಕೇ ನಾಲ್ಕು ಸಾಲು ಹಚ್ಚದೆ ಬಿಡಿ. ತಿಂಗಳು ಕಳೆದ ಮೇಲೆ ಎರಡೂ ಕಡೆ ಗಿಡ ಮಣ್ಣುಸಹಿತ ಎಬ್ಬಿಸಿ, ಬೇರಿನ ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ಮಾಡ್ತಿದೆ ಅಂತ ಅರ್ಥ.