ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸಂಗತಿಯನ್ನು ಸಿಂಗಟಾಲೂರಿನ ನಮ್ಮ ವಿದ್ಯಾರ್ಥಿನಿಯರು ಪಾಠದಲ್ಲಿ ಓದಿರುವರು. ಅಲ್ಲಿಯ ಸ್ವಯಂಸೇವಿಕೆಯರನ್ನು ಕೂಡಿಸಿದವರು ಉಮಾಬಾಯಿ ಕುಂದಾಪುರ ಎಂಬುದನ್ನು ಮಾತ್ರ ಬಹುಜನರು ಅರಿಯರು.

1892ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರಿಗೆ ಎಳೆವಯಸ್ಸಿನಲ್ಲಿಯೇ ವಿವಾಹವಾಯಿತು. ಮುಂದೆ ಓದಿಸಿದವರು ಮಾವನವರಾದ ಆನಂದರಾಯರು. ಸೊಸೆಯ ಕೈಗೆ ಪುಸ್ತಕವಿತ್ತ ಮಾವಂದಿರು ಆ ಕಾಲದಲ್ಲಿ ಎಷ್ಟು ಮಂದಿ! 1923ರಲ್ಲಿ ಪತಿ ಗತಿಸಿದರು. ವಿಧವೆಯು ಮನೆಯ ಮೂಲೆ ಹಿಡಿಯಬೇಕೆಂಬುದು ಅಂದಿನ ರೂಢಿ. ಮಾವ-ಸೊಸೆಯರಾದರೋ ಹುಬ್ಬಳ್ಳಿಗೆ ಬಂದರು. ಅವರು ಮುದ್ರಣಾಲಯವನ್ನೂ ಇವರು ಭಗಿನೀ ಮಂಡಳವನ್ನೂ ಕನ್ಯಾಶಾಲೆಯನ್ನೂ ನಡೆಸಿದರು. ಬೆಳಗಾವಿಗೆ ಇವರು ಕರೆತಂದ ನೂರೈವತ್ತಕ್ಕೂ ಮಿಕ್ಕಿದ ಸ್ತ್ರೀಯರಲ್ಲಿ ವಿಧವೆಯರೂ ಇದ್ದರು.

1932ರಲ್ಲಿ ಯೆರವಡಾ ಕಾರಾಗೃಹದಲ್ಲಿದ್ದಾಗಲೇ ಮಾವನವರು ತೀರಿಕೊಂಡರು. ಬಿಡುಗಡೆಯಾಗಿ ಬಂದು ನೋಡಿದರೆ ಶಾಲೆಗೆ ಬೀಗಮುದ್ರೆ, ಮುದ್ರಣಾಲಯ ಸರಕಾರದ ವಶ. ಅಂಥ ಸ್ಥಿತಿಯಲ್ಲಿಯೂ 1934ರ ಬಿಹಾರ ಭೂಕಂಪದ ಸೇವೆಗೆ ಹೊರಟರು. ಸ್ವಾತಂತ್ರ್ಯಾನಂತರ ಅಧಿಕಾರ, ಸನ್ಮಾನಗಳನ್ನು ಒಲ್ಲದೆ, 1992ರಲ್ಲಿ ನಿಧನರಾಗುವವರೆಗೂ ಹುಬ್ಬಳ್ಳಿಯ ಚಿಕ್ಕ ಮನೆಯೊಂದರಲ್ಲಿ ಬಾಳಿದರು.