ಚಂದಾ ಕಟ್ಟುವ ಮುನ್ನ

ಹವ್ಯಾಸಕ್ಕೆ ಫೋಟೊ ತೆಗೆಯುವವರು ಲೈಟ್‌ರೂಮ್‌ಗೆ ತಿಂಗಳ ಚಂದಾ ಕಟ್ಟುವ ಮೊದಲು ಕೊಂಚ ತಡೆಯಿರಿ. ನೀವು ತೆಗೆಯುವುದು ಬರೀ ಜೆಪೆಗ್ ಆದರೆ ಮೊಬೈಲಿನ ಸ್ನ್ಯಾಪ್‌ಸೀಡ್ ಧಾರಾಳವಾಯಿತು. ರಾ ಫೈಲ್ ಆದರೆ ಡಾರ್ಕ್‌ಟೇಬಲ್ ಹಾಕಿಕೊಳ್ಳಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರ ಆಯ್ಕೆಗಳ ರಾಶಿ ನೋಡಿ ಮೊದಲಿಗೆ ತಲೆ ತಿರುಗುತ್ತದೆ, ನಿಜ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೇ ಮುಟ್ಟಿ ನೋಡಿ: ಮದುವೆಮನೆಯ ಬಲ್ಬಿನ ಬೆಳಕಿಗೆ ಅರಿಶಿನ ಬಳಿದಂತಾದ ಮುಖ ಸಹಜ ಬಣ್ಣಕ್ಕೆ ಬರುತ್ತದೆ. ನಿಕಾನ್ ಇದ್ದವರಿಗೆ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್‌ನವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್ ಕಂಪನಿಯಿಂದಲೇ ಪುಕ್ಕಟೆ. (ಕ್ಯಾಮೆರಾ ಡಬ್ಬಿಯೊಳಗಿನ ಕಾಗದ ಓದುವವರು ಯಾರು ಹೇಳಿ!) ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರ ನೋಡಬಹುದು, ತಿದ್ದುವ ಡೆವಲಪ್ ವಿಭಾಗ ಮುಚ್ಚಿಹೋಗುತ್ತದೆ. ಯಾವುದನ್ನೇ ಆರಿಸಿ, ಕ್ರ್ಯಾಕ್ ಮಾಡಿದ ಪ್ರತಿಯ ಸಹವಾಸ ಮಾತ್ರ ಬೇಡ.