ಕೈಗೆಲಸವೂ ವಿದ್ಯಾಭ್ಯಾಸವೂ

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ)

ಶಾಲೆ ಬಿಟ್ಟ ಹುಡುಗನನ್ನು ಕಂಡರೆ ನಮ್ಮ ಜನ ಸಾಮಾನ್ಯವಾಗಿ ಆಡುವ ಮಾತು ಒಂದೇ: "ಅವನ ತಲೆಗೆ ವಿದ್ಯೆ ಹತ್ತಲಿಲ್ಲ." ಈ ಮಾತನ್ನು ನನ್ನ ಒಡಹುಟ್ಟಿದ ಅಣ್ಣನ ವಿಷಯದಲ್ಲಿಯೇ ನಾನು ಅನೇಕ ಬಾರಿ ಕೇಳಿದ್ದೇನೆ, ಬಹುಕಾಲ ನಂಬಿಯೂ ಇದ್ದೆ. ಅದು ಎಷ್ಟರ ಮಟ್ಟಿಗೆ ನಿಜವೆಂದು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಸ್ವಂತ ಮನೆಯ ಸಂಗತಿಯನ್ನು ನಡುವೆ ತಂದುದಕ್ಕೆ ವಾಚಕರು ಮನ್ನಿಸಬೇಕು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿದ ಮೇಲೆ ಸಿಕ್ಕುವ ಈ ಊರನ್ನು ಹೊರಗಿನವರು ಬಲ್ಲುದು ತಂಬಾಕಿನ ಹರಾಜು ಮಾರುಕಟ್ಟೆಯಿಂದ. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟರೆ ಆಷಾಢ ಶ್ರಾವಣಗಳಲ್ಲಿ ಎಲೆ ಮುರಿಯುವ ಕೆಲಸ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಹದಮಾಡುವ ಕೆಲಸ. ಶಾಲೆಗಳು ಬಾಗಿಲು ತೆರೆದು ಪಾಠಗಳು ಚುರುಕಾಗುವುದೂ ಅದೇ ತಿಂಗಳುಗಳಲ್ಲಿ. ಹೀಗೆ ನಮ್ಮ ಕಡೆಯ ಬೆಳೆಯ ಪಂಚಾಂಗಕ್ಕೂ ಶಾಲೆಯ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ಅಣ್ಣ ಒಂಬತ್ತನೆಯ ತರಗತಿಯಲ್ಲಿದ್ದಾಗ ಇಪ್ಪತ್ತು ದಿನ ಬ್ಯಾರನ್ನಿನಲ್ಲಿ ನಿಂತು ಶಾಲೆಗೆ ಮರಳಿದನು. ಅಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿತ್ತು. ಉತ್ತರ ಹೇಳಲಾರದೆ ನಾಲ್ಕಾರು ದಿನ ಬೆಂಚಿನ ಮೇಲೆ ನಿಂತನು. ಐದನೆಯ ದಿನ ಹೋಗಲಿಲ್ಲ. ಅವನ ದುಡಿಮೆಯಿಂದಲೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದೆ. ನಮ್ಮ ವಂಶದಲ್ಲಿ ಪದವಿಯ ತನಕ ಬಂದವಳು ನಾನೇ ಮೊದಲು.

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ ಅಣ್ಣನಿಗೆ ಊಟ ಕೊಡಲು ಬ್ಯಾರನ್ನಿಗೆ ಹೋಗಿದ್ದೆ. ಪಕ್ಕದ ಮನೆಯ ಹುಡುಗನಿಗೆ ಪಾಠ ಹೇಳಿಕೊಡಲೆಂದು ತಂದಿದ್ದ ಪ್ರೌಢಶಾಲೆಯ ವಿಜ್ಞಾನದ ಪುಸ್ತಕ ಕೈಯಲ್ಲಿತ್ತು. ಉಷ್ಣವು ವಹನ, ಸಂವಹನ, ವಿಕಿರಣಗಳೆಂಬ ಮೂರು ವಿಧದಲ್ಲಿ ಹರಡುವುದೆಂಬ ಭಾಗವನ್ನು ಸುಮ್ಮನೆ ಗಟ್ಟಿಯಾಗಿ ಓದಿದೆ. ಅಣ್ಣ ಒಲೆಗೆ ಸೌದೆ ನೂಕುತ್ತ, "ಅದೆಲ್ಲಾ ಇಲ್ಲೇ ಅದಲ್ಲ" ಎಂದನು. ನೋಡಿದರೆ ಹೌದು! ಒಲೆಯಿರುವುದು ಹೊರಗೆ, ಅದರ ಬಿಸಿ ಹೊಗೆ ಒಳಗಿನ ತಗಡಿನ ಕೊಳವೆಗಳಲ್ಲಿ ಸುತ್ತಿಬಂದು ಹೊರಹೋಗುತ್ತದೆ. ತಗಡಿನ ಒಳಮೈಯಿಂದ ಹೊರಮೈಗೆ ಬಿಸಿ ಬರುವುದು ವಹನ. ಕಾದ ಕೊಳವೆಯ ಮುಂದೆ ನಿಂತರೆ ಮುಖಕ್ಕೆ ತಟ್ಟುವುದು ವಿಕಿರಣ. ಕೆಳಗಿನ ಗಾಳಿ ಕಾದು ಹಗುರವಾಗಿ, ತೂಗುಬಿಟ್ಟ ಎಲೆಗಳ ನಡುವೆ ಮೇಲೇರಿ, ತೇವವನ್ನು ಹೊತ್ತು ಮೇಲಿನ ಕಿಂಡಿಯಿಂದ ಹೊರಹೋಗುವುದು ಸಂವಹನ.

ನಾನು ಆ ಮೇಲಿನ ಕಿಂಡಿಯನ್ನು ತೆರೆಯಲು ಹಗ್ಗಕ್ಕೆ ಕೈಹಾಕಿದೆ. "ಈಗಲೇ ತೆಗೀಬಾರ್ದು ಕಣಮ್ಮಿ, ಎಲೆ ಹಸುರಾಗೇ ಒಣಗೋಯ್ತದೆ" ಎಂದು ಅಣ್ಣ ತಡೆದನು. ಮೊದಲು ತೇವವನ್ನು ಒಳಗೇ ಹಿಡಿದಿಟ್ಟು ಸುಮಾರು 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಎಲೆಗೆ ಹಳದಿ ಬರಿಸಬೇಕು. ಆಮೇಲೆ ಕಿಂಡಿ ತೆರೆಯುತ್ತ ಶಾಖವನ್ನು ಮೆಲ್ಲಮೆಲ್ಲನೆ ಏರಿಸಿ ಎಲೆಯನ್ನು ಒಣಗಿಸಬೇಕು. ಕೊನೆಗೆ 160 ಡಿಗ್ರಿಯವರೆಗೆ ಒಯ್ದು ನಡುವಿನ ದಂಟನ್ನು ಒಣಗಿಸಬೇಕು. ಐದಾರು ಹಗಲು ರಾತ್ರಿ ಒಬ್ಬನು ಥರ್ಮಾಮೀಟರಿನ ಮೇಲೆ ಕಣ್ಣಿಟ್ಟಿರಬೇಕು. ಇದನ್ನು ಮಾಡುತ್ತಿರುವವನು ವಿಜ್ಞಾನದಲ್ಲಿ ನಪಾಸಾದ ಹುಡುಗ! ಅವನಿಗೆ ಸಂಗತಿ ತಿಳಿದಿತ್ತು, ಅದರ ಹೆಸರು ತಿಳಿದಿರಲಿಲ್ಲ. ನನಗೆ ಹೆಸರು ಬಾಯಿಪಾಠವಾಗಿತ್ತು, ಸಂಗತಿ ತಿಳಿದಿರಲಿಲ್ಲ. ನಮ್ಮಿಬ್ಬರಲ್ಲಿ ವಿದ್ಯೆ ಹತ್ತದಿದ್ದುದು ಯಾರ ತಲೆಗೆ ಎಂಬುದನ್ನು ವಾಚಕರೇ ತೀರ್ಮಾನಿಸಬಹುದು.

ಕೈಯ ಮೂಲಕ ಕಲಿಸಬೇಕೆಂಬ ಮಾತು ಹೊಸದೇನೂ ಅಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು, ಏಳು ವರ್ಷಗಳ ಶಿಕ್ಷಣವು ಮಾತೃಭಾಷೆಯಲ್ಲಿ, ಒಂದು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರಚಿಸಿತು. ಇದೇ ಮೂಲಶಿಕ್ಷಣ ಅಥವಾ ನಯೀ ತಾಲೀಮ್. ನೂಲುವುದನ್ನು ಕಲಿಸುವುದಷ್ಟೇ ಅದರ ಗುರಿಯಾಗಿರಲಿಲ್ಲ. ನೂಲಿನಿಂದ ಗಣಿತವನ್ನೂ, ಹತ್ತಿಯಿಂದ ಭೂಗೋಳವನ್ನೂ ಚರಿತ್ರೆಯನ್ನೂ ಕಲಿಸುವುದು ಗುರಿಯಾಗಿತ್ತು. 1964-66ರ ಕೊಠಾರಿ ಆಯೋಗವು 'ಕಾರ್ಯಾನುಭವ' ಎಂಬ ಹೆಸರಿನಲ್ಲಿ ಇದೇ ವಿಚಾರವನ್ನು ಮತ್ತೆ ಎತ್ತಿತು. ಆದರೆ ಬಹುಪಾಲು ಶಾಲೆಗಳಲ್ಲಿ ಕೈಗೆಲಸವು ವೇಳಾಪಟ್ಟಿಯ ಒಂದು ಮೂಲೆಯ ಪೀರಿಯಡ್ಡಾಗಿ ಉಳಿಯಿತೇ ಹೊರತು ಕಲಿಕೆಯ ಬಾಗಿಲಾಗಲಿಲ್ಲ.

ಆದರೆ ನಮ್ಮ ಕಡೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದು ಬಾಗಿಲು ನಿಜವಾಗಿಯೂ ತೆರೆಯಿತು. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ಸಂಸ್ಥೆಯ ನೆರವಿನೊಡನೆ 'ನಲಿ-ಕಲಿ' ಎಂಬ ಪದ್ಧತಿಯನ್ನು ಪ್ರಾರಂಭಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಅವನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಮಗು ಹಾಡಿ, ಆಡಿ, ಎಣಿಸಿ, ಜೋಡಿಸಿ ಒಂದು ಮೆಟ್ಟಿಲನ್ನು ಮುಗಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಹದಿನೈದು ದಿನ ಶಾಲೆ ತಪ್ಪಿದರೂ, ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿಬರುವ ಹಾಡಿಯ ಮಕ್ಕಳಿಗೂ ಹೊಗೆಸೊಪ್ಪಿನ ಕಾಲದಲ್ಲಿ ಮನೆಯಲ್ಲಿ ನಿಲ್ಲುವ ನಮ್ಮಂಥವರಿಗೂ ಇದಕ್ಕಿಂತ ದೊಡ್ಡ ಉಪಕಾರವುಂಟೆ? 2009-10ರಲ್ಲಿ ಇದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ನಾನು ಒಂದನೆಯ ತರಗತಿಗೆ ಸೇರಿದಾಗ ನಮ್ಮ ಶಾಲೆಯಲ್ಲಿ ಕಾರ್ಡುಗಳಿದ್ದವು. ನನಗಿಂತ ನಾಲ್ಕು ವರ್ಷ ಹಿರಿಯನಾದ ಅಣ್ಣನ ಕಾಲಕ್ಕೆ ಇರಲಿಲ್ಲ. ನಾನು ಉಳಿದುದಕ್ಕೆ ನನ್ನ ಬುದ್ಧಿಯೊಂದೇ ಕಾರಣವಲ್ಲವೆಂದು ಈಗ ತಿಳಿದಿದ್ದೇನೆ.

ಇಷ್ಟಾದರೂ ಕೊರತೆಯೊಂದುಂಟು. ಈ ಏಣಿ ಚಿಕ್ಕ ಮಕ್ಕಳ ತರಗತಿಗಳಲ್ಲಿಯೇ ಮುಗಿಯುತ್ತದೆ. ಹನ್ನೆರಡು ಹದಿಮೂರರ ವಯಸ್ಸಿಗೆ ಬರುವಾಗ, ಕೈಗೆ ಬಲ ಬಂದು ಮನಸ್ಸು ಶಾಲೆಯಿಂದ ಸಡಿಲವಾಗುವಾಗ, ಹುಡುಗರ ಮುಂದೆ ಉಳಿಯುವುದು ಪುಸ್ತಕ ಮತ್ತು ಪರೀಕ್ಷೆ ಮಾತ್ರ. ದೊಡ್ಡ ಮಕ್ಕಳಿಗೂ ದಾರಿ ಮಾಡಬಹುದೆಂಬುದಕ್ಕೆ ಅದೇ ಸೀಮೆಯ ಹೊಸಹಳ್ಳಿಯ ಗಿರಿಜನ ಶಾಲೆ ಸಾಕ್ಷಿ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು 1988ರಲ್ಲಿ ಒಂದು ದನದ ಕೊಟ್ಟಿಗೆಯಲ್ಲಿ ಜೇನುಕುರುಬ, ಕಾಡುಕುರುಬ ಮೊದಲಾದ ಸಮುದಾಯಗಳ ಮಕ್ಕಳಿಗಾಗಿ ತೊಡಗಿದ ಈ ಶಾಲೆ, ಪಠ್ಯದೊಡನೆ ಕಸುಬಿನ ಶಿಕ್ಷಣಕ್ಕೂ ಎಡೆಗೊಟ್ಟು ವಸತಿಶಾಲೆಯಾಗಿ ಬೆಳೆದಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರಿಯವರು, ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಕಲಿತು ಉಳಿದ ಹೊತ್ತು ಮನೆತನದ ಕಸುಬನ್ನು ಕಲಿಯಬೇಕೆಂಬ ಯೋಜನೆಯನ್ನು ತಂದರು. ಕ್ಷೌರಿಕನ ಮಗ ಕ್ಷೌರಿಕನೇ ಆಗಿ ಉಳಿಯಬೇಕೆ ಎಂದು ಜನ ಕೇಳಿದರು. ಅದಕ್ಕೆ ಕುಲಶಿಕ್ಷಣವೆಂಬ ಹೆಸರಾಯಿತು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಹಿಂತೆಗೆದುಕೊಂಡರು. ಜನರ ಪ್ರಶ್ನೆ ನ್ಯಾಯವಾದುದೇ. ಅಣ್ಣ ಬ್ಯಾರನ್ನಿನಲ್ಲಿ ಕಲಿತನೆಂದು ಹೊಗಳಿ ಅವನನ್ನು ಬ್ಯಾರನ್ನಿನಲ್ಲಿಯೇ ಬಿಡುವುದು ವಿದ್ಯೆಯಲ್ಲ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ತಲೆಸುತ್ತು, ವಾಂತಿ ಬರುವುದನ್ನು ನಮ್ಮ ಮನೆಗಳಲ್ಲಿ ಕಾಣದವರಿಲ್ಲ. ಅದು ಮಕ್ಕಳ ಕೈಗೆ ಕೊಡುವ ಕೆಲಸವೇ ಅಲ್ಲ.

ಹಾಗಾದರೆ ದುಡಿಮೆಗೂ ಪಾಠಕ್ಕೂ ಇರುವ ಅಂತರವೇನು? ನನಗೆ ತೋರುವ ಮಟ್ಟಿಗೆ ಅದು ಮೂರು ಬಗೆಯದು. ದುಡಿಮೆಯಲ್ಲಿ ಸರಕು ಮುಖ್ಯ, ಪಾಠದಲ್ಲಿ ಮಗು ಮುಖ್ಯ. ದುಡಿಮೆಯಲ್ಲಿ "ಹೀಗೆ ಮಾಡು" ಎಂಬುದಷ್ಟೇ ಸಾಕು, ಪಾಠದಲ್ಲಿ "ಹೀಗೇಕೆ?" ಎಂದು ಕೇಳಲು ಬಿಡುವಿರಬೇಕು. ದುಡಿಮೆ ಬಡವರ ಮಕ್ಕಳ ಪಾಲಿಗೆ ಬರುತ್ತದೆ. ಕೈಯ ಪಾಠವಾದರೋ ಸಾಹುಕಾರರ ಮಕ್ಕಳಿಗೂ ಬರಬೇಕು, ಮತ್ತು ಅದರ ಕೊನೆಯಲ್ಲಿ ಮುಂದಿನ ತರಗತಿಯ ಬಾಗಿಲು ಎಲ್ಲರಿಗೂ ತೆರೆದಿರಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂಬ ಮಾತಿದೆ. ಆ ನೀತಿಯ ಉಳಿದ ಭಾಗಗಳನ್ನು ಕುರಿತು ವಾದವೇನೇ ಇರಲಿ, ಈ ಹತ್ತು ದಿನಗಳನ್ನು ನಮ್ಮೂರಿನಲ್ಲಿ ಸಾರ್ಥಕಗೊಳಿಸಬಹುದು. ಬೇಸಿಗೆಗೆ ಮುಂಚೆ ಬರಿದಾಗಿ ನಿಂತ ಬ್ಯಾರನ್ನಿಗೆ ಮಕ್ಕಳನ್ನು ಕರೆದೊಯ್ದು ಉಷ್ಣದ ಪಾಠ ಹೇಳಬಹುದು. ಹಾಲಿನ ಡೈರಿಯಲ್ಲಿ ಸಾಂದ್ರತೆಯನ್ನೂ ಶೇಕಡಾ ಲೆಕ್ಕವನ್ನೂ, ಪಂಪುಸೆಟ್ಟಿನ ಬಳಿ ವಿದ್ಯುತ್ತನ್ನೂ, ಹರಾಜಿನ ಚೀಟಿಯಲ್ಲಿ ಲಾಭ ನಷ್ಟವನ್ನೂ ಕಲಿಸಬಹುದು. ಶಾಲೆ ಬಿಟ್ಟ ಹಿರಿಯ ಹುಡುಗರನ್ನೇ ಆ ದಿನಗಳಿಗೆ ಗುರುಗಳಾಗಿ ಕರೆದರೆ, ಹೊರಗೆ ನಿಂತವರು ಮತ್ತೊಮ್ಮೆ ಶಾಲೆಯ ಹೊಸ್ತಿಲು ದಾಟಿಯಾರು.

ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟೆಂದು ಅಣ್ಣನಿಗೆ ಹೇಳಿದ್ದೇನೆ. "ಪಾಸಾದ್ರೆ ಏನ್ ಬಂದದು?" ಎಂದು ಕೇಳಿದನು. ನೇರವಾದ ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ರಾತ್ರಿ ಬುತ್ತಿಯ ಪಾತ್ರೆಯನ್ನು ತೆಗೆದುಕೊಂಡು ಮನೆಗೆ ಹೊರಟಾಗ, "ಆ ಪುಸ್ತಕ ಇಲ್ಲೇ ಬುಟ್ಟೋಗು" ಎಂದನು. ಬಿಟ್ಟುಬಂದೆ. ಈಚೆಗೆ ಅದನ್ನು ತೆರೆದು ನೋಡಿದಾಗ, ಉಷ್ಣದ ಪಾಠದ ಪುಟಗಳ ಅಂಚಿನಲ್ಲಿ ಮಸಿಬೆರಳಿನ ಗುರುತುಗಳಿದ್ದವು.